ಹ್ಯಾಂಗಾಗೈತಿ?

ಇವತ್ತು ಆಫೀಸಿನ ಹಳೇ ಕಂಪ್ಯೂಟರಿನಿಂದ ಬಿಸಿ ಧೂಳಿನ ವಾಸನೆ ಬಂತು. ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಗೂ ಇದೇ ವಾಸನೆ. ಅಲ್ಲಿ ಅಪ್ಪ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದ. ಅವನ ಕನ್ನಡ ಅಕ್ಷರಗಳು ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮೂಡುತ್ತಿರಲಿಲ್ಲವೆಂದು, ಎಲ್ಲರೂ ಕೈಬಿಟ್ಟ ಹಳೆಯದನ್ನೇ ಇಟ್ಟುಕೊಂಡಿದ್ದ. ಅದು ಆಗಾಗ ನಿಂತುಬಿಡುತ್ತಿತ್ತು.

ಒಮ್ಮೆ ಹಡಗಲಿಯ ಹಿರಿಯರೊಬ್ಬರು ಮಗಳ ಪತ್ರಿಕೆ ಬರೆಸಲು ಬಂದಿದ್ದರು. ಬಂಧುಗಳ ಹೆಸರೆಲ್ಲ ಟೈಪಾಗಿತ್ತು, ಸೇವ್ ಮಾಡಿರಲಿಲ್ಲ. ಅಷ್ಟರಲ್ಲಿ ಪರದೆ ಅಲುಗಾಡದಂತಾಯಿತು. ಅಪ್ಪನ ಮುಖ ಬಾಡಿತು.

ಶೇಂಗಾ ಸುಲಿಯುತ್ತಿದ್ದ ಅಜ್ಜಿ ಕೇಳಿದಳು: “ಏನಾತಲೇ?”

“ಹ್ಯಾಂಗ್ ಆಗೈತಿ ಬೇ.”

ನಮ್ಮ ಕಡೆ ‘ಹ್ಯಾಂಗ’ ಅಂದರೆ ‘ಹೇಗೆ’.

“ಅದನ್ನ ನಾ ಕೇಳಾಕತ್ತೀನಿ. ಹ್ಯಾಂಗಾಗೈತಿ?”

“ಹ್ಯಾಂಗ್ ಆಗೈತಿ ಅಂದ್ನೆಲ್ಲ!”

ಹಿರಿಯರು ನಕ್ಕರು. ಅಪ್ಪನಿಗೂ ನಗು ಬಂತು. ಅಜ್ಜಿಗೆ ಮಾತ್ರ ಕನಿಕರ. “ಮುಂಜಾನಿಂದ ದುಡದೈತಿ ಪಾಪ. ಬಂದ್ ಮಾಡು. ಎಲ್ಲಾರೂ ಚಾ ಕುಡೀರಿ.”

ಚಹಾ ಮುಗಿದ ಮೇಲೆ ಕಂಪ್ಯೂಟರ್ ಎದ್ದಿತು. ಹೆಸರುಗಳನ್ನು ಮೊದಲಿನಿಂದ ಹೇಳತೊಡಗಿದ ಹಿರಿಯರು ಅರ್ಧಕ್ಕೇ ಎದೆ ಹಿಡಿದುಕೊಂಡರು. “ಅಯ್ಯಯ್ಯ, ಹುಡುಗಿ ಸ್ವಾದರಮಾವನ್ನ ಬಿಟ್ಟಿದ್ವೆಲ್ರಿ!” ಮಾವನ ಹೆಸರಿಲ್ಲದ ಪತ್ರಿಕೆ ಹೋಗಿದ್ದರೆ ಹುಡುಗಿಯ ತಾಯಿಯ ತವರಿನವರು ಮದುವೆಗೇ ಬರುತ್ತಿರಲಿಲ್ಲ.

ಇವತ್ತು ಆ ವಾಸನೆಯಲ್ಲಿ, ಮುಗಿಯದ ಕೆಲಸದ ಮುಂದೆ ಸುಮ್ಮನೆ ಕೂತಿದ್ದಾಗ ಅಪ್ಪನ ಫೋನ್ ಬಂತು.

“ಹ್ಯಾಂಗದಿಯವ್ವಾ?”

“ಹ್ಯಾಂಗ್ ಆಗೀನಪ್ಪಾ.”

ಆ ಕಡೆ ಅಪ್ಪ ನಕ್ಕ. ಆಮೇಲೆ ಥೇಟ್ ಅಜ್ಜಿಯ ದನಿಯಲ್ಲಿ ಹೇಳಿದ:

“ಬಂದ್ ಮಾಡು. ಚಾ ಕುಡಿ.”