ಐದು ಹಲ್ಲು ಎಳೆದ ಕೈಬ್ರೇಕು

ಕೈಬ್ರೇಕು ಎಳೆಯದೆ ಕಾರಿನಿಂದ ಇಳಿದವನು ಎಂದು ನನ್ನನ್ನು ಮುಖದ ಎದುರಿಗೇ ಅಂದವರು ಒಟ್ಟು ಏಳು ಮಂದಿ. ಅವರಲ್ಲಿ ಐವರು ತೀರಿಕೊಂಡಿದ್ದಾರೆ; ಅವರ ಮೇಲೆ ಈಗ ನನಗೆ ಹೇಳಿಕೊಳ್ಳುವಂಥ ಸಿಟ್ಟಿಲ್ಲ. ಆರನೆಯವರು ದೇವನಹಳ್ಳಿಯಲ್ಲಿದ್ದಾರೆ, ಕಿವಿ ಕೇಳಿಸುವುದಿಲ್ಲ. ಏಳನೆಯವರು ಈಚೆಗೆ ಬೂದಿಗೆರೆಯ ಮದುವೆಯೊಂದರಲ್ಲಿ, ಎಲೆಗೆ ಪಾಯಸ ಬೀಳುತ್ತಿದ್ದ ಹೊತ್ತಿನಲ್ಲಿ, ಪಕ್ಕದಲ್ಲಿ ಕುಳಿತವರಿಗೆ ನನ್ನನ್ನು ತೋರಿಸಿ, "ಇವ್ರೇ ನೋಡಿ, ನಮ್ ಭಾವನ ಕಾರ್‌ಗೆ ಬ್ರೇಕ್ ಎಳೀದೆ ಹೊರಟೋಗಿದ್ದೋರು" ಎಂದರು. ಅರ್ಧ ಶತಮಾನ ಕಳೆದ ಮೇಲೂ ಹೀಗೆ ಹೇಳಬೇಕಾದರೆ ಜ್ಞಾಪಕಶಕ್ತಿ ಬೇಕು. ಅವರಲ್ಲಿರುವುದು ಅರ್ಧ ಜ್ಞಾಪಕ. ಉಳಿದರ್ಧ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಬೆಳವಂಗಲದಿಂದ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ಬಂದಿದ್ದ ನಾನು ದೊಡ್ಡಬಳ್ಳಾಪುರದಲ್ಲಿ ಒಬ್ಬ ಮಗ್ಗದ ಮಾಲೀಕರ ಮನೆಯಲ್ಲಿ ಕಾರು ಓಡಿಸುತ್ತಿದ್ದೆ. ಮನೆ ಇದ್ದುದು ಇಳಿಜಾರಿನಲ್ಲಿ. ಬಾಗಿಲಿನಿಂದ ಬೀದಿಯವರೆಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಯಲ್ಲಿ ನೆಲ ಒಂದಾಳು ಎತ್ತರ ಇಳಿಯುತ್ತಿತ್ತು. ಇದು ಮುಂದೆ ಬೇಕಾಗುತ್ತದೆ.

ಆ ಕಾಲದಲ್ಲಿ ನಮ್ಮ ಕಡೆ ಯಾರೂ ಕೈಬ್ರೇಕನ್ನು ನಂಬುತ್ತಿರಲಿಲ್ಲ. ಎಲ್ಲರೂ ಕಲ್ಲನ್ನು ನಂಬುತ್ತಿದ್ದರು. ಬಸ್ಸಾಗಲಿ, ಲಾರಿಯಾಗಲಿ, ಎತ್ತಿನ ಗಾಡಿಯಾಗಲಿ, ನಿಂತ ಕೂಡಲೇ ಒಬ್ಬ ಇಳಿದು ಗಾಲಿಗೆ ಕಲ್ಲು ಕೊಡಬೇಕು. ಕಾರಿಟ್ಟವರು ಕೂಡ ಡಿಕ್ಕಿಯಲ್ಲಿ ಗೋಣಿ ಸುತ್ತಿದ ಒಂದು ಕಲ್ಲನ್ನು, ಸ್ಟೆಪ್ನಿಯ ಪಕ್ಕದಲ್ಲಿ, ಅದಕ್ಕಿಂತ ಹೆಚ್ಚು ಜೋಪಾನವಾಗಿ ಒಯ್ಯುತ್ತಿದ್ದರು. ನಮ್ಮ ಯಜಮಾನರೂ ಅದೇ ಪಂಥದವರು. "ಬ್ರೇಕ್ ಕಂಪ್ನಿಯೋರು ಮಾಡಿದ್ದು, ಕಲ್ಲು ದೇವ್ರು ಮಾಡಿದ್ದು ಕಣಯ್ಯಾ" ಎನ್ನುತ್ತಿದ್ದರು. ನಾನು ಕಲ್ಲೂ ಕೊಡುತ್ತಿದ್ದೆ, ಬ್ರೇಕೂ ಎಳೆಯುತ್ತಿದ್ದೆ. ಕಲ್ಲನ್ನು ಅವರಿಗಾಗಿ, ಬ್ರೇಕನ್ನು ಕಾರಿಗಾಗಿ.

ಕೈಬ್ರೇಕಿನಲ್ಲಿ ಯಾವ ಗುಟ್ಟೂ ಇಲ್ಲ. ನಮ್ಮ ಕಾರಿನಲ್ಲಿ ಅದು ಚಾಲಕನ ಬಲಗಡೆ, ಸೀಟಿಗೂ ಬಾಗಿಲಿಗೂ ನಡುವೆ ಇರುತ್ತಿತ್ತು. ಮೊಳಕ್ಕೆ ಕಡಿಮೆಯ ಒಂದು ಕಬ್ಬಿಣದ ಹಿಡಿ, ಅದರ ತಲೆಯಲ್ಲಿ ಒಂದು ಬಟನ್. ಹಿಡಿಯನ್ನು ಮೇಲಕ್ಕೆ ಎಳೆದರೆ ಕಾರಿನ ಹೊಟ್ಟೆಯ ಕೆಳಗೆ ಹಾದುಹೋಗುವ ಉಕ್ಕಿನ ತಂತಿ ಬಿಗಿಯುತ್ತದೆ. ಆ ತಂತಿ ಹಿಂದಿನ ಎರಡು ಚಕ್ರಗಳ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡೆರಡು ಪಟ್ಟಿಗಳನ್ನು ಹಿಗ್ಗಿಸುತ್ತದೆ. ಪಟ್ಟಿಗಳು ಡ್ರಮ್ಮಿನ ಒಳಗೋಡೆಯನ್ನು ಒತ್ತಿ ಹಿಡಿಯುತ್ತವೆ. ಕಾಲಿನ ಬ್ರೇಕಿನ ಹಾಗೆ ಇದಕ್ಕೆ ಎಣ್ಣೆಯ ಹಂಗಿಲ್ಲ. ಎಳೆದ ಹಿಡಿ ತಾನಾಗಿ ಕೆಳಗಿಳಿಯದಂತೆ ಬುಡದಲ್ಲಿ ಗರಗಸದಂಥ ಹಲ್ಲುಗಳಿವೆ. ಒಂದು ನಾಲಿಗೆ ಹಲ್ಲಿನಿಂದ ಹಲ್ಲಿಗೆ ಹಾರಿ ಕೂರುತ್ತದೆ. ಕೂತಾಗಲೆಲ್ಲ ಟಿಕ್ ಎನ್ನುತ್ತದೆ. ಮೂರು ಟಿಕ್ ಸಾಲದು. ಐದು ಸರಿ. ಎಂಟರ ತನಕ ಹೋದರೆ ತಂತಿ ಸಡಿಲಾಗಿದೆ ಎಂದರ್ಥ, ಬಿಗಿಸಬೇಕು. ಬಿಡಿಸುವಾಗ ಬಟನ್ ಒತ್ತಿದರಷ್ಟೇ ಆಗದು. ನಾಲಿಗೆಯ ಮೇಲೆ ತಂತಿಯ ಭಾರವಿರುತ್ತದೆ. ಹಿಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿ, ಆಮೇಲೆ ಬಟನ್ ಒತ್ತಿ, ಒತ್ತಿಕೊಂಡೇ ಇಳಿಸಬೇಕು. ಇದೂ ಮುಂದೆ ಬೇಕಾಗುತ್ತದೆ.

ಆ ಮನೆಯಲ್ಲಿ ಇದನ್ನು ಕೇಳಿ ತಿಳಿದುಕೊಂಡವರು ಯಜಮಾನರ ತಾಯಿ ಒಬ್ಬರೇ. ಎಪ್ಪತ್ತು ದಾಟಿದ್ದರು, ಕಾರು ಬಂದ ಹೊಸದರಲ್ಲಿ ಅದನ್ನು ಹತ್ತಲು ಒಪ್ಪಿರಲಿಲ್ಲ. "ಇದ್ಯಾಕಪ್ಪಾ ಈ ಕೋಲು?" ಎಂದು ಕೇಳಿದ್ದರು. ವಿವರಿಸಿದೆ. "ಓಹ್, ನೇಯ್ದ ಬಟ್ಟೆ ಸುತ್ಕೊಳ್ಳೋ ದಿಮ್ಮಿಗೆ ಹಲ್ಲಿನ ಚಕ್ರ ಇರುತ್ತಲ್ಲ, ಹಂಗೆ ಅನ್ನು" ಎಂದು ಹೇಳಿ ಹತ್ತಿ ಕುಳಿತರು.

ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ ಹೀಗಿದೆ. ಕಾಲಿನ ಬ್ರೇಕಿನಿಂದ ಪೂರ್ತಿ ನಿಲ್ಲಿಸಬೇಕು. ಕೈಬ್ರೇಕು ಎಳೆಯಬೇಕು. ಕಾಲನ್ನು ನಿಧಾನವಾಗಿ ತೆಗೆದು, ಕಾರಿನ ಭಾರ ಕೈಬ್ರೇಕಿನ ಮೇಲೆ ಕೂತಿತೇ ಎಂದು ನೋಡಬೇಕು. ಆಮೇಲೆ ಗೇರಿನಲ್ಲಿಡಬೇಕು, ಮೂತಿ ಕೆಳಗಿದ್ದರೆ ರಿವರ್ಸಿನಲ್ಲಿ. ಕೊನೆಯ ಈ ಹೆಜ್ಜೆಯನ್ನು ಆ ಮನೆಯಲ್ಲಿ ನನಗೆ ನಿಷೇಧಿಸಲಾಗಿತ್ತು. ಕಾರಣ, ಯಜಮಾನರ ಹೆಂಡತಿಯ ತಮ್ಮ. ಓದು ಮುಗಿಸಿ, ಮುಂದೇನು ಮಾಡುವುದೆಂದು ಯೋಚಿಸುತ್ತ ಅಕ್ಕನ ಮನೆಯಲ್ಲಿ ಎರಡು ವರ್ಷದಿಂದ ಇದ್ದ. ಒಂದು ದಿನ ನನ್ನನ್ನು ಕೇಳದೆ ಕಾರು ಹತ್ತಿ, ಗೇರಿನಲ್ಲಿದ್ದುದನ್ನು ನೋಡದೆ ಸ್ಟಾರ್ಟ್ ಮಾಡಿ, ದನಗಳ ನೀರಿನ ತೊಟ್ಟಿಗೆ ಗುದ್ದಿದ. ಯಜಮಾನರು ತೊಟ್ಟಿಯನ್ನು ನೋಡಿದರು, ಭಾವಮೈದುನನನ್ನು ನೋಡಿದರು, ನನ್ನತ್ತ ತಿರುಗಿದರು. "ಗೇರ್ ಹಾಕ್ ನಿಲ್ಸಿದ್ದು ನೀನೇ ತಾನೇ? ಇನ್ಮೇಲೆ ನಿಂತ ಕಾರು ನ್ಯೂಟ್ರಲ್‌ನಲ್ಲೇ ಇರ್ಬೇಕು." ಅಂದಿನಿಂದ ಹಾಗೆಯೇ ಇತ್ತು.

ಈಗ ಆಯುಧಪೂಜೆಯ ದಿನಕ್ಕೆ ಬರುತ್ತೇನೆ. ಸರ್ಕಾರದ ಒಂದು ಇಲಾಖೆಯಲ್ಲಿ ಜೀಪಿನ ಚಾಲಕನ ಹುದ್ದೆ ಖಾಲಿಯಿತ್ತು. ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಹಬ್ಬ ಕಳೆದು ಮೂರನೆಯ ದಿನ. ಹಿಂದೆ ಕೆಲಸ ಮಾಡಿದವರಿಂದ ನಡತೆಯ ಪತ್ರ ತರಬೇಕಿತ್ತು. ಪತ್ರವಿಲ್ಲದೆ ಒಳಗೇ ಬಿಡುವುದಿಲ್ಲವೆಂದು ಗುಮಾಸ್ತರು ಹೇಳಿದ್ದರು. ಯಜಮಾನರು, "ಪೂಜೆ ಆಗ್ಲಿ, ಬರ್ಕೊಡ್ತೀನಿ. ನಿನ್ ಬಗ್ಗೆ ಬರ್ಯೋಕೇನು ಕಷ್ಟ?" ಎಂದಿದ್ದರು. ನನ್ನ ಮುಂದಿನ ಬದುಕು ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಬೆಳಿಗ್ಗೆ ಕಾರು ತೊಳೆದೆ. ತೊಳೆದ ಮೇಲೆ ಡ್ರಮ್ಮಿನೊಳಗೆ ನೀರಿದ್ದರೆ ಬ್ರೇಕು ಜಾರುತ್ತದೆ. ಆದ್ದರಿಂದ ಕೆರೆ ಏರಿಯ ತನಕ ಹೋಗಿ, ಕಾಲನ್ನು ಬ್ರೇಕಿನ ಮೇಲೆ ಹಗುರವಾಗಿಟ್ಟು ಓಡಿಸಿ ಒಣಗಿಸಿಕೊಂಡು ಬಂದೆ. ಕಾರಿನ ಮೂತಿ ಪೂರ್ವಕ್ಕಿರಬೇಕೆಂದರು. ಪೂರ್ವವೆಂದರೆ ಬೀದಿ, ಅಂದರೆ ಇಳಿಜಾರು. ನಿಲ್ಲಿಸಿದೆ. ನ್ಯೂಟ್ರಲ್. ಕೈಬ್ರೇಕು, ಐದು ಹಲ್ಲು. ಮುಂದಿನ ಚಕ್ರಕ್ಕೆ ಕಲ್ಲು.

ಪುರೋಹಿತರು ಬಂದರು. ಆಗಿನ್ನೂ ಎಳೆಯ ವಯಸ್ಸಿನವರು, ಹಾಗಾಗಿ ಬಹಳ ಕಟ್ಟುನಿಟ್ಟು. ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತ ಬಂದವರು ಕಲ್ಲನ್ನು ಕಂಡು ನಿಂತರು.

"ಏನಪ್ಪಾ ಇದು, ಹಣ್ಣಿನ ಪಕ್ಕ ಕಲ್ಲು? ಹಬ್ಬ ಮಾಡ್ತಿದೀವೋ ಕರ್ಮಾಂತರ ಮಾಡ್ತಿದೀವೋ? ತೆಗೀರಿ ಅತ್ಲಾಗೆ."

ಹತ್ತು ವರ್ಷ ಕಲ್ಲನ್ನು ನಂಬಿದ್ದ ಯಜಮಾನರು ತಾವೇ ಬಗ್ಗಿ ಅದನ್ನು ತೆಗೆದು ಬೇಲಿಯತ್ತ ಎಸೆದರು. ಕಾರು ಕೈಬ್ರೇಕೊಂದರ ಮೇಲೆಯೇ ನಿಂತಿತು. ಅಲುಗಲಿಲ್ಲ. ಇದನ್ನು ಅಲ್ಲಿದ್ದವರೆಲ್ಲರೂ ನೋಡಿದರು, ಯಾರೂ ಗಮನಿಸಲಿಲ್ಲ.

"ಬೂದುಗುಂಬಳ ಎಲ್ಲಯ್ಯಾ?" ಎಂದರು ಯಜಮಾನರು. ಅದು ಹಿತ್ತಲಿನಲ್ಲಿತ್ತು. ತರಲು ಹೋದೆ.

ಕುಂಬಳವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಮನೆಯ ಮೂಲೆ ತಿರುಗಿದಾಗ ಕಾರು ಹೊರಟಿತ್ತು. ಯಾರೂ ಒಳಗಿರಲಿಲ್ಲ. ನಾಲ್ಕು ನಿಂಬೆಹಣ್ಣುಗಳನ್ನೂ ಮುಹೂರ್ತಕ್ಕೆ ಮೊದಲೇ ಅರೆದುಕೊಂಡು, ಮಂಗಳಾರತಿಯ ತಟ್ಟೆಯನ್ನು ಬಲಕ್ಕೆ ಬಿಟ್ಟು, ಮೈತುಂಬ ಸೇವಂತಿಗೆ ಹೂವು ಹೊತ್ತು, ಮದುವಣಗಿತ್ತಿಯ ನಡಿಗೆಯಲ್ಲಿ ಅದು ಬೀದಿಗೆ ಇಳಿಯುತ್ತಿತ್ತು. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ, ವೇಗ ಹೆಚ್ಚಿಸಿದರು. ನಾನು ಓಡಿದೆ. ಕುಂಬಳವನ್ನು ಬಿಡಬೇಕೆಂದು ಹೊಳೆಯಲಿಲ್ಲ. ಕಾರು ಬೀದಿ ದಾಟಿ, ಎದುರು ಮನೆಯ ಮುಂದೆ ನಿಂತಿದ್ದ ಎತ್ತಿಲ್ಲದ ಗಾಡಿಗೆ ತಗುಲಿ ನಿಂತಿತು. ಒಂದು ಹೆಡ್‌ಲೈಟಿನ ಗಾಜು ಒಡೆಯಿತು. ಮನುಷ್ಯರಿಗೇನೂ ಆಗಲಿಲ್ಲ.

ಗಾಡಿಯ ಯಜಮಾನ ಹೊರಗೆ ಬಂದು ತನ್ನ ಗಾಲಿಯನ್ನು ನೋಡಿ, ಎಲ್ಲರಿಗೂ ಕೇಳಿಸುವಂತೆ ಹೇಳಿದ: "ನಾನು ಕಲ್ಲು ಕೊಟ್ಟಿದ್ದೆ ಕಣ್ರಪ್ಪಾ. ಅದ್ಕೇ ನಿಂತ್ಕೊಳ್ತು."

ನಮ್ಮ ಯಜಮಾನರು ಬಂದರು. "ಬ್ರೇಕ್ ಎಳ್ದಿದ್ಯೇನೋ?"

"ಎಳ್ದಿದ್ದೆ ಯಜಮಾನ್ರೇ. ಐದು ಹಲ್ಲು."

"ಎಳ್ದಿದ್ರೆ ಹೆಂಗ್ ಹೋಯ್ತು ಗುರು?" ಎಂದ ಭಾವಮೈದುನ. "ಕಾರಿಗೇನು ಕಾಲ್ ಬಂತಾ? ಬೇಜಾರಾಗಿ ವಾಕಿಂಗ್ ಹೋಯ್ತಾ?"

ಸುತ್ತ ನಿಂತವರು ನಕ್ಕರು. ಎದುರು ಬೀದಿಯ ಇಬ್ಬರು, ಹೆಸರು ಬೇಡ, ಮೊದಲು ನಕ್ಕವರು. ನಾನು ಕುಂಬಳವನ್ನು ಕೆಳಗಿಟ್ಟು ಚಾಲಕನ ಬಾಗಿಲು ತೆರೆದೆ. ಹಿಡಿ ಪೂರ್ತಿ ಮಲಗಿತ್ತು. ಅದಕ್ಕೆ ಒಂದು ಮಾರು ಸೇವಂತಿಗೆ ಸುತ್ತಿತ್ತು. ತಲೆಯ ಬಟನ್ನಿನ ಮೇಲೆ ಕುಂಕುಮವಿತ್ತು. ಸ್ಟೀರಿಂಗಿನ ಮೇಲೆ, ಗೇರಿನ ಮೇಲೆ, ಕನ್ನಡಿಯ ಮೇಲೆ ಇದ್ದವು ಉಂಗುರದ ಬೆರಳಿನಿಂದ ಇಟ್ಟ ದುಂಡು ಬೊಟ್ಟುಗಳು. ಬಟನ್ನಿನ ಮೇಲಿದ್ದುದು ಬೊಟ್ಟಲ್ಲ. ಅಗಲವಾದ, ಗೆರೆಗಳು ಸ್ಪಷ್ಟವಾಗಿ ಮೂಡಿದ್ದ, ಒಂದು ಇಡೀ ಹೆಬ್ಬೆರಳು.

"ಯಜಮಾನ್ರೇ, ಇದನ್ನ ಸ್ವಲ್ಪ ನೋಡಿ. ಕುಂಕುಮ ಯಾರಾದ್ರೂ ಹೆಬ್ಬೆಟ್ಟಲ್ಲಿ ಇಡ್ತಾರಾ?"

"ಹಬ್ಬದ ದಿನ ನೆಂಟರ ಬೆಟ್ಟು ನೋಡ್ತಾ ಕೂತಿದೀಯಾ? ಮೊದ್ಲು ಕಾರ್ ಹಿಂದಕ್ಕೆ ತಗೊ."

ಕಾರನ್ನು ಹಿಂದಕ್ಕೆ ತಂದು, ಅಂಗಳದ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಬಟನ್ ಮುಟ್ಟದೆ ಎಳೆದು, ಬೀಗ ಹಾಕಿದೆ. ಆ ಹೆಬ್ಬೆರಳಿನ ಗುರುತಿಗೆ ಬಿಸಿಲು ಕೂಡ ಬೀಳದಂತೆ ಒಂದು ಒಣ ಬಟ್ಟೆ ಹೊದಿಸಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಪತ್ರ ಕೈಗೆ ಬಂತು. ಯಜಮಾನರು ಕೊಟ್ಟ ಮಾತಿಗೆ ತಪ್ಪುವವರಲ್ಲ. "ಪ್ರಾಮಾಣಿಕ. ಹೊತ್ತಿಗೆ ಸರಿಯಾಗಿ ಬರುತ್ತಾನೆ. ಕುಡಿಯುವುದಿಲ್ಲ. ಕೈಬ್ರೇಕು ಎಳೆಯುವುದನ್ನು ಕೆಲವೊಮ್ಮೆ ಮರೆಯುತ್ತಾನೆ." ನಾನು ಅದನ್ನು ಮೂರು ಸಲ ಓದಿದೆ. ಅವರ ಆರೋಪವನ್ನೇ ಒಪ್ಪಿಕೊಂಡರೂ ನಾನು ಮರೆತದ್ದು ಒಮ್ಮೆ. ಆ "ಕೆಲವೊಮ್ಮೆ" ಎಲ್ಲಿಂದ ಬಂತು? ಕೇಳಿದೆ. "ಒಂದ್ಸಲ ಮರ್ತೋನು ಇನ್ನೊಂದ್ಸಲ ಮರೀದೆ ಇರ್ತಾನಾ? ನಾನು ಸುಳ್ಳು ಬರ್ಯೋನಲ್ಲ" ಎಂದರು. ಚಾಲಕನ ಹುದ್ದೆಗೆ ಆ ಪತ್ರ ಹಿಡಿದುಕೊಂಡು ಹೋಗುವುದಕ್ಕಿಂತ ಹೋಗದಿರುವುದು ಮೇಲು.

ಮಾರನೆಯ ಬೆಳಿಗ್ಗೆ ಯಜಮಾನರ ತಾಯಿ ನನ್ನನ್ನು ಜಗಲಿಗೆ ಕರೆದರು. ಹಿಂದಿನ ದಿನ ಅವರು ಒಳಗೆ ಹೂರಣ ರುಬ್ಬಿಸುತ್ತಿದ್ದರು, ಏನನ್ನೂ ನೋಡಿರಲಿಲ್ಲ.

"ನೀನು ಎಳ್ದಿದ್ಯೋ ಇಲ್ವೋ, ಅಷ್ಟು ಹೇಳಪ್ಪಾ."

"ಎಳ್ದಿದ್ದೆ ಅಮ್ಮಾವ್ರೇ."

"ಕಲ್ಲು ತೆಗೆದ ಮೇಲೂ ನಿಂತಿತ್ತಾ?"

"ನಿಂತಿತ್ತು."

ಅವರು ಸೆರಗು ಸಿಕ್ಕಿಸಿಕೊಂಡು ಕಾರಿನ ಬಳಿಗೆ ಬಂದರು. ನಾನು ಬೀಗ ತೆಗೆದು, ಬಟ್ಟೆ ಸರಿಸಿ ತೋರಿಸಿದೆ. ಬಗ್ಗಿ ನೋಡಿದರು. ಮಗನನ್ನೂ ಅವನ ಭಾವಮೈದುನನನ್ನೂ ಕೂಗಿದರು.

"ನಿನ್ನೆ ಈ ಕೋಲಿಗೆ ಹೂವು ಸುತ್ತಿದ್ದು ಯಾರಪ್ಪಾ?"

"ನಾನೇ ಅಮ್ಮಾ. ಚೆನ್ನಾಗ್ ಸುತ್ತಿದೀನಲ್ವಾ?" ಎಂದ ಭಾವಮೈದುನ. ಅವನಿಗೆ ಅದರಲ್ಲಿ ಹೆಮ್ಮೆ ಇತ್ತು.

"ಚೆನ್ನಾಗಿದೆ. ಹೆಂಗ್ ಸುತ್ತಿದ್ದು? ಹೂವು ಬಿಚ್ಚಿ ಇನ್ನೊಂದ್ಸಲ ತೋರ್ಸು."

ಅವನು ಬಿಚ್ಚಿ, ಮತ್ತೆ ಸುತ್ತಿದ. ದಾರ ಕೆಳಗಿನಿಂದ ತೂರಲೆಂದು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೊಂಚ ಮೇಲೆತ್ತಿದ. ಅಲುಗದಿರಲೆಂದು ಹೆಬ್ಬೆರಳನ್ನು ತಲೆಯ ಮೇಲೆ ಒತ್ತಿದ. ಹೂವು ಒಂದು ಸುತ್ತು ಬರುವಷ್ಟರಲ್ಲಿ ಹಿಡಿ ಅವನ ಕೈಯೊಳಗೇ ಮೆತ್ತಗೆ ಮಲಗಿತು. ಹಿಂದಿನ ದಿನ ಅವನು ಸುತ್ತಿ ಮುಗಿಸಿ ಬಾಗಿಲು ಹಾಕುವ ತನಕ ಕಾರನ್ನು ತಡೆದಿದ್ದವು ಆ ನಿಂಬೆಹಣ್ಣುಗಳೇ ಇರಬೇಕು. ಬ್ರೇಕು ಬಿಡಿಸಬೇಕೆಂದೇ ಹೊರಟವನು ಕೂಡ ಇಷ್ಟು ಕ್ರಮಬದ್ಧವಾಗಿ ಬಿಡಿಸಲಾರ. ಎರಡು ವರ್ಷದಲ್ಲಿ ಆ ಕಾರಿನಲ್ಲಿ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

"ನಾನೇನೂ ಮಾಡ್ಲಿಲ್ಲ, ಅದೇ ಬಗ್ಗುತ್ತೆ" ಎಂದ.

ತಾಯಿ ಮಗನತ್ತ ತಿರುಗಿದರು. "ಮೂವತ್ತು ಮಗ್ಗ ಇಟ್ಕೊಂಡಿದೀಯಲ್ಲೋ. ಬಟ್ಟೆ ದಿಮ್ಮಿ ತಾನಾಗೇ ಬಿಚ್ಕೊಂಡಿದ್ದು ಯಾವತ್ತಾದ್ರೂ ನೋಡಿದ್ಯಾ? ಯಾರಾದ್ರೂ ನಾಲಿಗೆ ಎತ್ತಿದ್ರೆ ತಾನೇ ಬಿಚ್ಕೊಳ್ಳೋದು?"

ಮಗ್ಗದ ವಿಷಯದಲ್ಲಿ ಯಜಮಾನರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಸರಿ ಬಿಡವ್ವ, ಪೂಜೆ ಮುಗೀತು" ಎಂದರು.

"ಮುಗೀಲಿಲ್ಲ. ಕಾಗದ ತಗೊಂಬಾ."

ಹೊಸ ಪತ್ರದಲ್ಲಿ ಮೊದಲ ಮೂರು ಮಾತು ಹಿಂದಿನಂತೆಯೇ ಇದ್ದವು. ನಾಲ್ಕನೆಯದು: "ಕೈಬ್ರೇಕು ಎಳೆಯುತ್ತಾನೆ." ತಪ್ಪಾಯಿತು ಎಂಬ ಮಾತನ್ನು ಯಾರೂ ಆಡಲಿಲ್ಲ. ಭಾವಮೈದುನ ಹೂವನ್ನು ಮತ್ತೆ ಸುತ್ತಿಟ್ಟು ತಿಂಡಿಗೆ ಹೋದ. ಬೂದಿಗೆರೆಯಲ್ಲಿ ಪಾಯಸದ ಹೊತ್ತಿಗೆ ನನ್ನನ್ನು ಪರಿಚಯಿಸಿದವರು ಇವರೇ.

ಸಂದರ್ಶನದಲ್ಲಿ ಅಧಿಕಾರಿಗಳು ಪತ್ರ ಓದಿ ಕನ್ನಡಕ ತೆಗೆದರು. "ಇದನ್ಯಾಕಯ್ಯಾ ಬೇರೆ ಬರ್ದಿದಾರೆ? ಎಲ್ಲಾ ಡ್ರೈವರ್‌ಗಳೂ ಎಳೀತಾರಲ್ಲ?"

"ಇಲ್ಲ ಸಾರ್" ಎಂದೆ. ಆದಿಯಿಂದ ಹೇಳಿದೆ, ನೀರಿನ ತೊಟ್ಟಿಯಿಂದ ಹಿಡಿದು. ಹೊರಗೆ ಇನ್ನೂ ಹನ್ನೊಂದು ಮಂದಿ ಕಾಯುತ್ತಿದ್ದರು. ಅಧಿಕಾರಿಗಳು ನಡುವೆ ಒಮ್ಮೆಯೂ ತಡೆಯಲಿಲ್ಲ. ಕೆಲಸ ನನಗೆ ಸಿಕ್ಕಿತು.

ಮೊದಲ ದಿನ ಜೀಪಿನ ಕೀಲಿ ಕೊಟ್ಟರು. ಕುಳಿತು ಬಲಕ್ಕೆ ಕೈ ಚಾಚಿದೆ, ಎಡಕ್ಕೆ ಚಾಚಿದೆ. ಹಿಡಿ ಇತ್ತು, ಎಳೆದರೆ ಯಾವ ಬಿಗಿಯೂ ಇಲ್ಲದೆ ಕೊನೆಯ ಹಲ್ಲಿನ ತನಕ ಸೀದಾ ಮೇಲಕ್ಕೆ ಬಂತು. ತಂತಿ ತುಂಡಾಗಿ ಎಷ್ಟು ಕಾಲವಾಗಿತ್ತೋ ಹೇಳುವವರಿರಲಿಲ್ಲ. "ಅದು ಕೆಲ್ಸ ಮಾಡಲ್ಲ ಕಣಪ್ಪಾ, ಹಿಂದುಗಡೆ ನೋಡು" ಎಂದರು ಗುಮಾಸ್ತರು. ಹಿಂದೆ ನೋಡಿದೆ. ಗೋಣಿ ಸುತ್ತಿದ ಒಂದು ಕಲ್ಲು ಇತ್ತು.

ಅಂದೇ ತಂತಿಗಾಗಿ ಲಿಖಿತವಾಗಿ ಬೇಡಿಕೆ ಸಲ್ಲಿಸಿದೆ. ಉತ್ತರ ಬರಲಿಲ್ಲ, ಎರಡನೆಯದನ್ನು ಸಲ್ಲಿಸಿದೆ. ಮೂರನೆಯದಕ್ಕೆ ತಂತಿ ಬಂತು. ಅಲ್ಲಿಯವರೆಗಿನ ಎರಡು ತಿಂಗಳು ಜೀಪನ್ನು ಗೇರಿನಲ್ಲಿಟ್ಟು, ಇಳಿದು, ಆ ಕಲ್ಲನ್ನು ನಾನೇ ಗಾಲಿಗೆ ಕೊಟ್ಟಿದ್ದೇನೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.