ನಿಲ್ಲಲೆಂದೇ ಹೊರಟ ಕಾರು

ಕೆಲವು ಕಾಯಿಲೆಗಳಿಗೆ ವೈದ್ಯರನ್ನು ಕಂಡರೆ ಬಲು ಸಂಕೋಚ. ವಾರವಿಡೀ ಮನೆಮಂದಿಯ ನಿದ್ದೆ ಕೆಡಿಸಿದ ಕೆಮ್ಮು, ದವಾಖಾನೆಯ ಹೊಸ್ತಿಲಲ್ಲಿ ಚಪ್ಪಲಿ ಕಳಚುವಷ್ಟರಲ್ಲಿ ಮಾಯವಾಗಿರುತ್ತದೆ. ಡಾಕ್ಟರು ಎದೆಗೆ ನಳಿಗೆಯಿಟ್ಟು ಹುಬ್ಬೇರಿಸಿದಾಗ ನಾವೇ ಅಪರಾಧಿಗಳಂತೆ ಒಂದೆರಡು ಸಲ ಕೃತಕವಾಗಿ ಕೆಮ್ಮಿ ತೋರಿಸಬೇಕಾಗುತ್ತದೆ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಎಂಬತ್ತರ ದಶಕದಲ್ಲಿ ನಮ್ಮ ಮನೆಗೆ ಬಂದ ಹಳೆಯ ಕಾರಿನ ಕಾಯಿಲೆ ಇದೇ ಜಾತಿಯದು.

ಕೃಷಿ ಇಲಾಖೆಯಲ್ಲಿದ್ದ ನನ್ನ ಯಜಮಾನರು ಯಾರೋ ಬಳಸಿ, ಇನ್ನಾರೋ ಬಳಸಿ ಬಿಟ್ಟಿದ್ದ ಆ ಕಾರನ್ನು ಅಕ್ಕರೆಯಿಂದ ತಂದಿದ್ದರು. ನನಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹೊರಡುವ ಮುನ್ನ ಇಬ್ಬರಿಗೂ ಕೊಂಚ ಸಿಂಗಾರ, ಕೊಂಚ ಓಲೈಕೆ ಬೇಕಾಗುತ್ತಿತ್ತು. ಚೆನ್ನಾಗಿಯೇ ಓಡುತ್ತಿದ್ದ ಕಾರು ಊರಾಚೆ ಎಲ್ಲೋ ಒಂದು ಕಡೆ ಮುಗ್ಗರಿಸಿ, ಗಂಟಲಲ್ಲಿ ಗುಟುಕು ಸಿಕ್ಕಿದಂತೆ ತೊದಲಿ, ನಿಂತುಬಿಡುವುದು. ನಾವು ಇಳಿದು, ಬೇವಿನ ನೆರಳು ಹುಡುಕಿ, ವಿಧಿಯನ್ನು ನಿಂದಿಸಿ ಮುಗಿಸುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಹುಡುಗಿಯರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಂಜಿನ್ನಿನ ಚಿತ್ರ ಬಿಡಿಸಬಲ್ಲವಳಾಗಿದ್ದೆ; ಆದರೆ ನಿಂತ ಕಾರಿನ ಬಾನೆಟ್ಟು ಎತ್ತಿದಾಗ ನನ್ನ ಚಿತ್ರದಲ್ಲಿದ್ದ ಬಾಣದ ಗುರುತುಗಳಲ್ಲಿ ಒಂದೂ ಅಲ್ಲಿ ಕಾಣದೆ ದಿಕ್ಕೆಡುತ್ತಿದ್ದೆ.

ಮೆಕ್ಯಾನಿಕ್ ಹುಸೇನಸಾಬ ಪ್ಲಗ್ಗು ಬದಲಿಸಿದ, ಕಾರ್ಬೊರೇಟರು ತೊಳೆದ, ವೈರುಗಳನ್ನೆಲ್ಲ ಬಿಗಿದ. ಪ್ರತಿಸಲವೂ ‘ಇನ್ನ ನಿಶ್ಚಿಂತಿ’ ಎಂದ. ಪ್ರತಿಸಲವೂ ಕಾರು ಅವನ ಮಾತನ್ನು ಊರಿನ ಗಡಿಯವರೆಗೆ ಮಾತ್ರ ಪಾಲಿಸಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಸದ್ದಿಲ್ಲದೆ ನಿಂತಿದ್ದವರು ಇನ್ನೊಬ್ಬರಿದ್ದರು. ನನ್ನ ಮಾವನವರು, ಚನ್ನಪ್ಪನವರು. ಕುಕನೂರಿನಲ್ಲಿ ಆಯುಷ್ಯವಿಡೀ ಬಟ್ಟೆ ಅಂಗಡಿ ನಡೆಸಿದವರು. ಅಂಗಡಿ ಅವರದು ಎನ್ನುವುದಕ್ಕಿಂತ ದಂಪತಿಗಳದು ಎನ್ನಬೇಕು. ಅವರು ಊಟಕ್ಕೆ ಎದ್ದರೆ ಅತ್ತೆಯವರು ಗಜಕಟ್ಟಿಗೆ ಹಿಡಿದು ಕೂರುತ್ತಿದ್ದರು. ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ಅಂಗಡಿಯನ್ನು ಪಾಲುದಾರ ವೀರಣ್ಣನ ಕೈಗಿತ್ತು ಕೊಪ್ಪಳಕ್ಕೆ ಬಂದವರು ಮತ್ತೆ ಆ ಊರಿನ ಕಡೆ ಮುಖ ಹಾಕಲಿಲ್ಲ. ‘ಕಂಡ ಕಂಡವ್ರೆಲ್ಲಾ ಆಕಿ ಸುದ್ದಿ ಕೇಳತಾರ’ ಎಂದಷ್ಟೇ ಒಮ್ಮೆ ಹೇಳಿದ್ದರು. ಪಡಸಾಲೆಯ ಮಂಚದ ಮೇಲೆ ಗೋಡೆಯತ್ತ ಮುಖಮಾಡಿ ಕೂರುವರು; ಕರೆದರೆ ಊಟಕ್ಕೇಳುವರು, ಬಡಿಸಿದ್ದರಲ್ಲಿ ಅರ್ಧ ಬಿಡುವರು. ಹೀಗೇ ಇದ್ದರೆ ಅವರು ಬಹಳ ದಿನ ಉಳಿಯಲಾರರೆಂಬ ಭಯ ನಮ್ಮಿಬ್ಬರಲ್ಲೂ ಇತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಒಂದು ಸಂಜೆ ಹುಸೇನಸಾಬ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೈಚೆಲ್ಲಿದ. “ನೋಡ್ರಿ ಸಾಹೇಬ್ರ, ನನ್ ಮುಂದ ಇದು ಶಾಣ್ಯಾ ಹುಡುಗನಂಗ ಕೈಕಟ್ಕೊಂಡು ಕುಂದರತೈತಿ. ಕೆಟ್ಟಾಗ ಕಣ್ಣಿಗೆ ಬಿದ್ರ ರೋಗ ಹೇಳಬಹುದು. ನೆಟ್ಟಗಿದ್ದದ್ದನ್ನ ಏನಂತ ರಿಪೇರಿ ಮಾಡ್ಲಿ?”

“ಅದು ಎಲ್ಲಿ ನಿಂದರತೈತೋ ಅಲ್ಲಿಗೆ ನೀನ ಹೋಗಬೇಕಪ್ಪ.”

ಮಾತು ಬಂದದ್ದು ಮಂಚದಿಂದ. ನಾವು ಮೂವರೂ ತಿರುಗಿ ನೋಡಿದೆವು.

“ಮುಂಜಾನಿ ತಂಪಿನಾಗ ಎಂದೂ ನಿಂತಿಲ್ರಿ ಮಾವಾರ,” ಎಂದೆ ನಾನು, ಆ ಮಾತು ಅಲ್ಲಿಗೇ ತುಂಡಾಗಬಾರದೆಂಬ ಆಸೆಯಿಂದ. “ಬಿಸಲೇರಿದ ಮ್ಯಾಲೇ ಅದರ ಆಟ.”

“ಹಂಗಾರ ಬಿಸಲಾಗ ಹೊರಡ್ರಿ. ಯಾವ ದಾರ್ಯಾಗ ಹೆಚ್ಚು ನಿಂದರತೈತಿ?”

ಯಜಮಾನರು ತಡವರಿಸಿದರು. “ಕುಕನೂರ ದಾರ್ಯಾಗ, ಅಪ್ಪಾ.”

ಮಾವನವರು ಧೋತರದ ಚುಂಗನ್ನು ಬಹಳ ಹೊತ್ತು ಬೆರಳಿಗೆ ಸುತ್ತಿದರು. ಆಮೇಲೆ, “ಹಂಗಾರ ಅದ ದಾರಿಗೆ ಹೋಗೂಣು,” ಎಂದರು.

ಆ ಭಾನುವಾರ ನೆತ್ತಿ ಸುಡುವ ಹೊತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ನೀರು ಮಜ್ಜಿಗೆಯ ತಂಬಿಗೆಗಳೊಡನೆ ನಾಲ್ವರೂ ಹೊರಟೆವು. ಕಾರು ಹತ್ತುವವರು ನಿರ್ವಿಘ್ನವಾಗಿ ತಲುಪಲೆಂದು ದೇವರಿಗೆ ಕೈಮುಗಿಯುವುದು ಲೋಕರೂಢಿ; ದಾರಿಯಲ್ಲಿ ಕೆಟ್ಟು ನಿಲ್ಲಲೆಂದು ಕೈಮುಗಿದವರು ನಾವೇ ಇರಬೇಕು. ಕಾರಿಗೆ ಇದರ ಸುಳಿವು ಹತ್ತಿತೋ ಏನೋ, ಹುಟ್ಟಿದಂದಿನಿಂದ ಹಾಗೆ ಓಡಿರಲಿಲ್ಲ. ಭಾನಾಪುರ ದಾಟಿತು, ನಿಲ್ಲಲಿಲ್ಲ. ಕುಕನೂರು ಬಂತು, ನಿಲ್ಲಲಿಲ್ಲ. ಊರೊಳಗೆ ಹಾದು ಹೋಗುವಷ್ಟು ಹೊತ್ತೂ ಮಾವನವರು ತಮ್ಮ ಮೊಣಕಾಲುಗಳನ್ನೇ ನೋಡುತ್ತಿದ್ದರು. 

ಯಲಬುರ್ಗಾದ ರಸ್ತೆಗೆ ಬಿದ್ದು ತುಸು ದೂರ ಹೋಗಿರಬೇಕು. ಕಾರು ಮುಗ್ಗರಿಸಿತು, ತೊದಲಿತು, ಸುಮ್ಮನಾಯಿತು.

“ನಿಂತ್ತು! ನಿಂತ್ತು!” ಎಂದು ಹುಸೇನಸಾಬ ಬಾಗಿಲು ತೆರೆದು ಹಾರಿದ. ಯಜಮಾನರು ಚಪ್ಪಾಳೆ ತಟ್ಟಿದರು. ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಮ್ಮ ಸಂಭ್ರಮ ಕಂಡು ಕುರಿಗಳನ್ನು ರಸ್ತೆಯ ಆಚೆ ಬದಿಗೆ ತಿರುಗಿಸಿಕೊಂಡ.

ಹುಸೇನಸಾಬ ಮೊದಲು ಟ್ಯಾಂಕಿನ ಮುಚ್ಚಳ ತೆಗೆದ, ಗಾಳಿ ಕಟ್ಟಿರಲಿಲ್ಲ. ಕಾರ್ಬೊರೇಟರಿಗೆ ಬರುವ ಪೆಟ್ರೋಲಿನ ಕೊಳವೆ ಬಿಚ್ಚಿ, “ಸಾಹೇಬ್ರ, ಹ್ಯಾಂಡಲ್ ತಿರುವ್ರಿ” ಎಂದ. ಹನಿ ಪೆಟ್ರೋಲೂ ಬರಲಿಲ್ಲ. ರೊಟ್ಟಿ ಸುತ್ತಿದ್ದ ಟವೆಲ್ಲನ್ನು ತಂಬಿಗೆಯ ನೀರಲ್ಲಿ ತೋಯಿಸಿ, ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಿದ್ದ ಪಂಪಿಗೆ ಸುತ್ತಿ ಕಾದ. ಅದು ತಣಿದ ಮೇಲೆ ಮತ್ತೆ ತಿರುವಿದರೆ ಪೆಟ್ರೋಲು ಚಿಮ್ಮಿತು. “ಸಿಕ್ತ್ರಿ ಅಕ್ಕೋರ! ಪಂಪಿಂದ ಐತಿ ಜಡ್ಡು!”

ಈ ಗದ್ದಲದ ನಡುವೆ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಂದು ಮಾವನವರೆದುರು ನಿಂತಳು. “ಸಾವಕಾರ್ರಲ್ಲೇನ್ರಿ? ನಾ ಫಕೀರವ್ವ.” ಅವರು ತಲೆಯಾಡಿಸಿದರು. “ಅವ್ವಾರು ಹ್ವಾದ್ರಂತಲ್ರಿ...”

ಅವರು ಇಷ್ಟು ದಿನ ಹೆದರಿದ್ದ ಮಾತು ಅದೇ. ನಾನು ನಡುವೆ ಬಾಯಿ ಹಾಕಬೇಕೆಂದಿದ್ದೆ, ಅಷ್ಟರಲ್ಲಿ ಫಕೀರವ್ವ ಹೊರೆ ಇಳಿಸಿ, ದನಿ ತಗ್ಗಿಸಿದಳು: “ಈಗ ಹೇಳಿದ್ರ ತಪ್ಪಿಲ್ಲ ಬಿಡ್ರಿ. ನೀವು ಉಣ್ಣಾಕ ಹೋದಾಗ ನೋಡಿ ನಾವು ಅಂಗಡಿಗೆ ಬರತಿದ್ವಿ. ಅವ್ವಾರು ಕುಬಸಕ್ಕ ಒಂದ್ ಗೇಣು ಹೆಚ್ಚಿಗೇ ಹರದು ಕೊಡತಿದ್ರು. ನಿಮಗ ಗೊತ್ತಾಗದಂಗ.”

ಮಾವನವರು ಅವಳನ್ನೇ ನೋಡಿದರು. “ನನಗ ಗೊತ್ತಿತ್ತವಾ,” ಎಂದರು. “ಅದಕ್ಕ ನಾ ಉಣ್ಣಾಕ ತಾಸುಗಟ್ಲೆ ಮಾಡತಿದ್ದೆ!”

ಫಕೀರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವನವರೂ ನಕ್ಕರು, ನಗುತ್ತ ನಗುತ್ತ ಕಣ್ಣೀರು ಇಳಿಯಿತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. “ನೀವು ಗಾಡಿ ನಿಧಾನ ತರ್ರಿ,” ಎಂದು ನಮಗೆ ಹೇಳಿ, ಅವಳ ಜೊತೆ ಕುಕನೂರಿನತ್ತ ನಡೆದೇಬಿಟ್ಟರು.

ಪಂಪಿಗೆ ಒದ್ದೆ ಟವೆಲ್ಲು ಸುತ್ತಿ ತೆವಳುತ್ತ ಊರು ಸೇರಿದಾಗ ಅವರು ತಮ್ಮ ಹಳೆಯ ಅಂಗಡಿಯ ಕಟ್ಟೆಯ ಮೇಲೆ, ಸುತ್ತ ಜನರ ನಡುವೆ ಕೂತಿದ್ದರು. ಅಲ್ಲೇ ಹುಸೇನಸಾಬ ಪಂಪು ಬಿಚ್ಚಿದ. ಒಳಗೆ ರಬ್ಬರು ಸವರಿದ ಬಟ್ಟೆಯ ಒಂದು ಪೊರೆ. ಅದು ಮೇಲೆ ಕೆಳಗೆ ಆಡಿದರೆ ಪೆಟ್ರೋಲು ಎಂಜಿನ್ನಿಗೆ. ಅವನಿಗೆ ಅದರಲ್ಲಿ ದೋಷ ಕಾಣಲಿಲ್ಲ, ನನಗಂತೂ ಕಾಣುವ ಮಾತೇ ಇಲ್ಲ. ಮಾವನವರು ಕೈಚಾಚಿ ಅದನ್ನು ತೆಗೆದುಕೊಂಡು, ಗಿರಾಕಿಗೆ ತೋರಿಸುವಂತೆ ಎರಡೂ ಹೆಬ್ಬೆರಳಿನಲ್ಲಿ ಎಳೆದು ಬೆಳಕಿಗೆ ಹಿಡಿದರು. ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿಸಿಲು ತೂರಿ ಬಂತು, ಬಿಟ್ಟರೆ ಮುಚ್ಚಿಕೊಂಡಿತು. “ಹೌದ್ರಿ ಸಾವಕಾರ್ರ,” ಎಂದ ಹುಸೇನಸಾಬ. “ಕಾದು ಮೆತ್ತಗಾದಾಗ ಬಾಯಿ ಬಿಡತೈತಿ, ತಣ್ಣಗಾದ್ರ ಮುಚ್ಕೋತೈತಿ. ಅದಕ್ಕ ನನಗ ಸಿಕ್ಕಿಲ್ಲ.”

ಹೊಸ ಪೊರೆ ಗದಗಿನಿಂದ ಬರಬೇಕಿತ್ತು. ನಾವು ಬಸ್ಸಿಗೆ ಹೊರಟಾಗ ಮಾವನವರು ಏಳಲಿಲ್ಲ. “ಗಾಡಿ ರಿಪೇರಿ ಆಗೂತನ ಯಾರರ ಒಬ್ಬರು ಇರಬೇಕಲ್ಲ,” ಎಂದರು, ಆ ಊರಲ್ಲಿ ಕಾರು ಕದಿಯುವವರು ತುಂಬಿದ್ದಾರೆಂಬಂತೆ.

ಕಾರು ತರಲು ನಾವು ಮತ್ತೆ ಹೋದಾಗ ಅವರು ಒಬ್ಬರೇ ಹೊರಡಲಿಲ್ಲ. ಕೊಪ್ಪಳದಲ್ಲಿ ಏನೇನೋ ಕೆಲಸವಿದೆಯೆಂದು ವೀರಣ್ಣ ಹತ್ತಿದರು. ಮೊಮ್ಮಗಳ ಮನೆಗೆಂದು ಫಕೀರವ್ವ ಹತ್ತಿದಳು. ಮಾವನವರು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತರು. ಪ್ರತಿ ಸೋಮವಾರ ಅಂಗಡಿಗೆ ಬಂದು ಕೂರುವುದೆಂದು ವೀರಣ್ಣನ ಜೊತೆ ಆಗಲೇ ಮಾತಾಗಿತ್ತು; ನಮ್ಮನ್ನು ಕೇಳುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಗಂಟುಗಳ ನಡುವೆ ಒತ್ತರಿಸಿ ಕೂತ ನನಗೆ ಉಸಿರಾಡಲು ಜಾಗವಿರಲಿಲ್ಲ, ಮಾತಾಡಲು ಸರದಿ ಸಿಗಲಿಲ್ಲ. ಅತ್ತೆಯವರ ಕಥೆ ಒಂದಾದ ಮೇಲೊಂದು ಬರುತ್ತಿತ್ತು. ಅದರಲ್ಲಿ ಅರ್ಧ ಅವರ ಮಗನಿಗೇ ಹೊಸದು. ಭಾನಾಪುರ ಯಾವಾಗ ಬಂತೋ, ಯಾವಾಗ ಹೋಯಿತೋ. ತಿಂಗಳುಗಟ್ಟಲೆ ಕಿವಿ ನಿಮಿರಿಸಿ ಆಲಿಸಿದ್ದ ಎಂಜಿನ್ನಿನ ಸದ್ದನ್ನು ಕೇಳಿಸಿಕೊಳ್ಳುವ ಪುರುಸೊತ್ತು ಆ ದಿನ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.