ಪಾಪಕ್ಕನ ಒಣಕೋಳಿ, ಮಾಳಿಗೆಯ ಕಾಗೆ

ಪಾಪಕ್ಕ ತೀರಿಕೊಂಡ ಹಿಂದಿನ ದಿನ ನಾವಿಬ್ಬರೂ ಮಾಳಿಗೆಯ ಮೇಲೆ ಕೋಳಿ ಒಣಗಿಸುತ್ತಿದ್ದೆವು. ಏನೂ ವಿಶೇಷವಿಲ್ಲದ ದಿನ. ಎರಡು ಬಿಸಿಲು ಕಂಡಿದ್ದ ತುಂಡೊಂದನ್ನು ನಾನು ಕದ್ದು ಬಾಯಿಗೆ ಹಾಕಿಕೊಂಡೆ.

"ಇನ್ನೊಂದು ಬಿಸಿಲು ಬೇಕು ಕಣಮ್ಮ. ಅಷ್ಟು ಆತುರ ಇದ್ರೆ ಹೋಗಿ ಆ ಕಾಗೆಗಳ ಪಕ್ಕ ಕೂತ್ಕೋ," ಅಂದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಶಿಡ್ಲಘಟ್ಟದ ಹತ್ತಿರದ ನಮ್ಮ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಹತ್ತನೇ ತರಗತಿ ಓದಿದ್ದೆ ಎಂಬ ಜಂಬವಿತ್ತು. ಒಲೆಯ ಮುಂದೆ ಅದು ಯಾವ ಕೆಲಸಕ್ಕೂ ಬರಲಿಲ್ಲ. ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆಯನ್ನು ಪಾಪಕ್ಕ ಮಾಂಸದ ಎಳೆಗುಂಟ ತೆಳ್ಳಗೆ ಸೀಳುತ್ತಿದ್ದಳು. ಉಪ್ಪು, ಅರಿಸಿನ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ನೀರು ಇಂಗುವವರೆಗೆ ಬೇಯಿಸಿ ಬಿಸಿಲಿಗೆ ಹರಡುತ್ತಿದ್ದಳು. ಒಂದು ಹೊತ್ತಿಗೆ ಮುಗಿಯುವ ಕೋಳಿ ಹೀಗೆ ಗಡಿಗೆ ಸೇರಿ ತಿಂಗಳುಗಟ್ಟಲೆ ಇರುತ್ತಿತ್ತು. ಬೇಕೆಂದಾಗ ನಾಲ್ಕು ತುಂಡು ಕೆಂಡದ ಮೇಲೆ ಸುಟ್ಟರೆ ಮನೆಯವರೆಲ್ಲ ಒಲೆಯ ಸುತ್ತ ಸೇರುತ್ತಿದ್ದರು. ಬಿಸಿಲು ಇಷ್ಟು ದೊಡ್ಡ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದಲ್ಲ ಎಂದು ನನಗೆ ಈಗಲೂ ಬೆರಗು.

ಒಣಗಿಸುತ್ತಿದ್ದುದು ಹಳೆಯ ಚಂದ್ರಿಕೆಯ ಮೇಲೆ, ಅಂದರೆ ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯ ಮೇಲೆ. ಅದರ ಸುರುಳಿ ಸಂದುಗಳಲ್ಲಿ ತುಂಡುಗಳು ಒಂದಕ್ಕೊಂದು ಅಂಟುತ್ತಿರಲಿಲ್ಲ. ಮದುವೆಯಾದ ವರ್ಷ ನಾನು ಅದೇ ಚಂದ್ರಿಕೆಗೆ ಗೂಡು ಕಟ್ಟುವಷ್ಟು ಹಣ್ಣಾದ ಹುಳ ಬಿಟ್ಟಿದ್ದೆ. ಒಣಕೋಳಿಯ ವಾಸನೆ ತಾಳದೆ ಹುಳಗಳೆಲ್ಲ ಅಂಚಿಗೆ ಹರಿದು ಕೆಳಗೆ ಬಿದ್ದವು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಪಾಪಕ್ಕ, "ಹುಳಕ್ಕಿರೋ ಮೂಗು ನಮ್ಮ ಓದಿದ ಹುಡುಗಿಗಿಲ್ಲ," ಎಂದು ನಕ್ಕು, ಆ ಚಂದ್ರಿಕೆಗೆ ಗುರುತಿಗೆಂದು ಕೆಂಪು ಸೀರೆಯ ಚಿಂದಿ ಕಟ್ಟಿದಳು.

ಇನ್ನು ಕಾಗೆಗಳು. ಪಕ್ಕದ ಮನೆಯ ಟೀವಿ ಆಂಟೆನಾ ಮೇಲೆ ಅವು ಸಾಲಾಗಿ ಕೂರುತ್ತಿದ್ದವು. ಪಾಪಕ್ಕನ ತವರು ಚಿಂತಾಮಣಿಯ ಕಡೆ. ಮನುಷ್ಯರನ್ನು ಕನ್ನಡದಲ್ಲಿ ಬೈದರೂ ಕಾಗೆಗಳಿಗೆ ತೆಲುಗನ್ನೇ ಮೀಸಲಿಟ್ಟಿದ್ದಳು. "ಪೋವೇ ಪೋ, ಇದಿ ಮೀ ಅಬ್ಬ ಸೊಮ್ಮಾ?" ಅಂದರೆ ಹೋಗು, ಇದೇನು ನಿಮ್ಮಪ್ಪನ ಆಸ್ತಿಯೇ ಎನ್ನುತ್ತ ಕೋಲೆತ್ತಿದರೆ ಒಂದೂ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ನಡೆದ ಜಗಳ ಅದು.

ಮರುದಿನ ಬೆಳಿಗ್ಗೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು ತೋಟದಲ್ಲೇ ಕುಸಿದಳು. ಎದೆನೋವು ಅಂದರು. ಮಾಳಿಗೆಯ ಮೇಲಿದ್ದ ಚಂದ್ರಿಕೆಯ ನೆನಪು ಯಾರಿಗೂ ಬರಲಿಲ್ಲ.

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗದಲ್ಲಿ ಎಡೆಯಿಟ್ಟು ಕಾಗೆಗಾಗಿ ಕಾದೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂಬುದು ನಮ್ಮವರ ನಂಬಿಕೆ. ಮುದ್ದೆಯಿತ್ತು, ಸಾರಿತ್ತು, ಒಬ್ಬಟ್ಟಿತ್ತು. ಬೇವಿನಮರದ ತುಂಬ ಕಾಗೆಗಳಿದ್ದವು. ಒಂದೂ ಕೆಳಗಿಳಿಯಲಿಲ್ಲ. ಹೆಂಗಸರು ಪಿಸುಗುಟ್ಟತೊಡಗಿದರು.

ಪಾಪಕ್ಕನ ಗಂಡ, ನಮ್ಮ ಭಾವ, "ಇಷ್ಟು ವರ್ಷ ಕೋಲು ತೋರಿಸ್ದೋಳು. ಈಗ ಅವಳ ಊಟಕ್ಕೆ ಬನ್ರಪ್ಪ ಅಂದ್ರೆ ನಂಬ್ತಾವಾ?" ಅಂದರು. ಯಾರೋ ನಕ್ಕರು. ಭಾವನ ಕಣ್ಣು ಮಾತ್ರ ಮರದ ಮೇಲೇ ಇತ್ತು.

ಆಗ ನನಗೆ ಮಾಳಿಗೆ ನೆನಪಾಯಿತು. ಮನೆಗೆ ಓಡಿದೆ. ಅವಳು ಕೇಳಿದ ಇನ್ನೊಂದು ಬಿಸಿಲು ಮುಗಿದಿತ್ತು. ಮೇಲೊಂದು ಬಿಸಿಲೂ ಆಗಿತ್ತು. ಎರಡು ದಿನ ಯಾರೂ ಕಾಯದಿದ್ದರೂ ಒಂದು ತುಂಡೂ ಕಡಿಮೆಯಾಗಿರಲಿಲ್ಲ. ಒಂದು ಹಿಡಿ ತಂದು ಎಡೆಯಲ್ಲಿಟ್ಟೆ.

ಒಂದು ಕಾಗೆ ಇಳಿಯಿತು. ಮುದ್ದೆಯನ್ನು ದಾಟಿ, ಒಬ್ಬಟ್ಟನ್ನು ದಾಟಿ, ಒಂದು ತುಂಡು ಕಚ್ಚಿಕೊಂಡು, ಕೋಲು ಬರುತ್ತದೇನೋ ಎಂಬಂತೆ ಒಮ್ಮೆ ಸುತ್ತ ನೋಡಿ ಹಾರಿತು. ಭಾವ ಟವಲಿನಿಂದ ಮುಖ ಮುಚ್ಚಿಕೊಂಡರು.

ಆಮೇಲೆ ಪ್ರತಿ ಬೇಸಿಗೆಯಲ್ಲೂ ನಾನೇ ಒಣಗಿಸಿದ್ದೇನೆ. ಅವಳ ಕೈರುಚಿಯೇ ಬಂದಿದೆ ಎಂದು ಮನೆಯವರು ಹೇಳುತ್ತಾರೆ. ಅವಳ ತೆಲುಗು ಬೈಗುಳವನ್ನೂ ಕಲಿತೆ. ಕಾಗೆಗಳು ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತವೆ, ಕೂತಲ್ಲಿಂದ ಏಳುವುದಿಲ್ಲ.

ಮಾತು ಅವಳದೇ, ಆದರೆ ಮಾಳಿಗೆಯ ಮೇಲೆ ಪಾಪಕ್ಕನ ದನಿ ಇಲ್ಲ.